ಬಾಸ್ಟನ್ನಿನ ಹಡಗಿಗೆ ನಮ್ಮ ಮನೆಯ ಹಾಯಿ

ಮನೆ ಬದಲಾಯಿಸುವಾಗ ಭಾರದ ಸಾಮಾನಿನಿಂದ ಏನೂ ತೊಂದರೆಯಿಲ್ಲ. ಬೀರು, ಮಂಚ, ಫ್ರಿಜ್ಜು ಎಲ್ಲ ನಾಲ್ಕು ಜನ ಕೈ ಹಾಕಿದರೆ ಹೊರಟುಹೋಗುತ್ತವೆ. ಕೆಲಸ ಕೆಡುವುದು ಹಳೇ ಫೋಟೋ, ಹಳೇ ಕಾಗದ, ಯಾರದೋ ಮದುವೆಯ ಕರೆಯೋಲೆ ಕೈಗೆ ಸಿಕ್ಕಾಗ. ಸಿಕ್ಕವರು ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ. ತುಮಕೂರಿನಲ್ಲೇ, ಮರಳೂರಿನ ಮನೆಯಿಂದ ಶೆಟ್ಟಿಹಳ್ಳಿಯ ಮನೆಗೆ ಹೊರಟ ದಿನ ನಾನೂ ಹಾಗೆ ಕೂತೆ. ಹೊರಗೆ ಲಗೇಜ್ ಆಟೋದವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಒಳಗೆ ನಾನು ಒಂದು ಖಾಲಿ ಟೀ ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡು ಅಮೆರಿಕದ ಚರಿತ್ರೆ ಓದುತ್ತಿದ್ದೆ.

ಟೀ ಪೆಟ್ಟಿಗೆ ಎಂದರೆ ಏನು ಎಂದು ಈಗಿನ ಮಕ್ಕಳಿಗೆ ಹೇಳಿಯೇ ತಿಳಿಸಬೇಕು. ನನ್ನ ಅಬ್ಬಾನದು ತುಮಕೂರಿನ ಪೇಟೆಯಲ್ಲಿ ಟೀ ಪುಡಿ ಅಂಗಡಿ. ಆಗೆಲ್ಲ ತೋಟಗಳಿಂದ ಪುಡಿ ಬರುತ್ತಿದ್ದದ್ದು ಪ್ಲೈವುಡ್ ಪೆಟ್ಟಿಗೆಗಳಲ್ಲಿ. ಅಂಚಿಗೆಲ್ಲ ತಗಡಿನ ಪಟ್ಟಿ, ಒಳಗೆ ಬೆಳ್ಳಿ ಕಾಗದ, ಹೊರಗೆ ತೋಟದ ಹೆಸರಿನ ಕಪ್ಪು ಮುದ್ರೆ. ಪುಡಿ ಖಾಲಿಯಾದ ಮೇಲೆ ಪೆಟ್ಟಿಗೆ ನಮ್ಮ ಮನೆಗೆ ಬರುತ್ತಿತ್ತು. ಅಕ್ಕಿ ಇಡಲು ಟೀ ಪೆಟ್ಟಿಗೆ, ರಜಾಯಿ ಇಡಲು ಟೀ ಪೆಟ್ಟಿಗೆ, ಕೋಳಿ ಕಾವು ಕೂರಲು ಟೀ ಪೆಟ್ಟಿಗೆ. ಎರಡರ ಮೇಲೆ ಹಲಗೆ ಹಾಕಿದರೆ ನನ್ನ ಓದುವ ಮೇಜು. ತಗಡಿನ ಅಂಚು ಗೀರಿ ನನ್ನ ಮೊಣಕಾಲಲ್ಲಿ ಆದ ಗಾಯದ ಗುರುತು ಇವತ್ತಿಗೂ ಇದೆ. ನಮ್ಮ ಮನೆಗೆ ಬಂದ ನೆಂಟರ ಬಟ್ಟೆಯೂ ವಾಪಸ್ ಹೋಗುವಾಗ ಟೀ ವಾಸನೆ ಹೊಡೆಯುತ್ತಿತ್ತು.

ಅವುಗಳಲ್ಲಿ ಒಂದು ಪೆಟ್ಟಿಗೆ ಮಾತ್ರ ಅತ್ತರಿನ ವಾಸನೆ ಹೊಡೆಯುತ್ತಿತ್ತು. ಅದು ದಾದಿಮಾಳದು, ಅಂದರೆ ಅಬ್ಬಾನ ತಾಯಿಯದು. ಅವಳ ಮಂಚದ ಕೆಳಗೆ ಇರುತ್ತಿತ್ತು. ಯಾರೂ ಮುಟ್ಟುವಂತಿರಲಿಲ್ಲ. ನಾನು ತಲೆ ಹಾಕಿಕೊಂಡು ಕೂತದ್ದು ಆ ಪೆಟ್ಟಿಗೆಯೊಳಗೆ. ಬೆಳ್ಳಿ ಕಾಗದ ಯಾವತ್ತೋ ಹರಿದುಹೋಗಿ, ಅದರ ಬದಲಿಗೆ ದಾದಿಮಾ ಒಂದು ದಪ್ಪ ಡ್ರಾಯಿಂಗ್ ಶೀಟನ್ನು ನಾಲ್ಕು ಮಡಿಕೆ ಮಾಡಿ ತಳಕ್ಕೆ ಹಾಸಿದ್ದಳು. ಬಿಡಿಸಿ ನೋಡಿದರೆ ನನ್ನದೇ ಅಕ್ಷರ, ಒಂಬತ್ತನೇ ಕ್ಲಾಸಿನ ದುಂಡು ಅಕ್ಷರ. ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ, 'ಅಮೆರಿಕದ ವಸಾಹತು ಕಾಲದ ಪ್ರಮುಖ ಘಟನೆಗಳು ಹಾಗೂ ಪ್ರಪಂಚ'. ಕೆಳಗೆ ಮೂರು ಕಾಲಂ: ಅಲ್ಲಿ, ಬೇರೆ ಕಡೆ, ಇಲ್ಲಿ.

ಈ ಮೂರು ಕಾಲಂ ನಮ್ಮ ರುದ್ರಯ್ಯ ಮೇಷ್ಟ್ರು ಕಂಡುಹಿಡಿದದ್ದು. ಮೇಷ್ಟ್ರು ಗುಬ್ಬಿಯವರು. ದಿನಾ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಂದು ಚರಿತ್ರೆ ಹೇಳುತ್ತಿದ್ದರು. ಗುಬ್ಬಿಯವರಿಗೆ ನಾಟಕದ ಹುಚ್ಚು ಯಾರೂ ಹೊಸದಾಗಿ ಹಿಡಿಸಬೇಕಾಗಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೇಷ್ಟ್ರು ಪಾಠ ಮಾಡುವಾಗ ಡಸ್ಟರೇ ಕತ್ತಿ, ಹಾಜರಿ ಪುಸ್ತಕವೇ ಗುರಾಣಿ. ಫ್ರಾನ್ಸಿನ ರಾಜನ ತಲೆ ಹಾರಿಸಿದ ದಿನ ಮುಂದಿನ ಬೆಂಚಿನ ಹುಡುಗಿ ನಿಜವಾಗಿ ಕುತ್ತಿಗೆ ಮುಟ್ಟಿ ನೋಡಿಕೊಂಡಿದ್ದಳು.

"ಇಸ್ವಿ ಬಾಯಿಪಾಠ ಹೊಡುದ್ರೆ ಮಾರ್ಕ್ಸ್ ಬರುತ್ತೆ ಕಣ್ರಮ್ಮ, ಬುದ್ಧಿ ಬರಲ್ಲ," ಎನ್ನುತ್ತಿದ್ದರು. "ಅಮೆರಿಕದಲ್ಲಿ ಅದಾಯ್ತು, ಇಂಗ್ಲೆಂಡಲ್ಲಿ ಇದಾಯ್ತು ಅಂತೀರಲ್ಲ, ಆವಾಗ ನಿಮ್ಮೋರು ಏನ್ ಮಾಡ್ತಿದ್ರು? ಮನೇಲಿ ದೊಡ್ಡೋರ್ನ ಕೇಳಿ. ಮೂರನೇ ಕಾಲಂ ನಾನು ಹೇಳ್ಕೊಡಲ್ಲ."

ಆ ವಾರ ತುಮಕೂರಿನ ಎಷ್ಟು ಮನೆಗಳಲ್ಲಿ ಎಷ್ಟು ಮುದುಕಿಯರು ಪೀಡನೆಗೊಳಗಾದರೋ ಲೆಕ್ಕವಿಲ್ಲ. ನನ್ನ ಗೆಳತಿ ಭಾಗ್ಯ ಯಡಿಯೂರು ಕಡೆಯ ತೆಂಗಿನ ತೋಟದವರ ಮಗಳು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಅವಳು ೧೪೯೨ರ ಎದುರಿಗೆ, ಅಲ್ಲಿ ಅಮೆರಿಕಕ್ಕೆ ಹಡಗು ಹೋದ ಕಾಲದ ಆಸುಪಾಸಿನಲ್ಲೇ ಯಡಿಯೂರಿನ ಸ್ವಾಮಿಗಳು ನಮ್ಮ ಸೀಮೆಯಲ್ಲಿ ಓಡಾಡುತ್ತಿದ್ದರು ಎಂದು ಬರೆದು, "ನಮ್ ಸ್ವಾಮಿಗಳು ದಾರಿ ತಪ್ಪಲಿಲ್ಲ, ಆ ಹಡಗಿನೋನು ಇಂಡಿಯಾ ಹುಡ್ಕೊಂಡು ಹೊಂಟು ದಾರಿ ತಪ್ಪಿದ," ಎಂದು ಮೇಷ್ಟ್ರಿಗೇ ಹೇಳಿ ಶಹಭಾಸ್ ಗಿಟ್ಟಿಸಿದಳು. ನಾನು ಅಬ್ಬಾನನ್ನು ಕೇಳಿ ನಮ್ಮ ಹಿರೀಕರು ಶಿರಾ ಸೀಮೆಯಿಂದ ಬಂದ ಕಥೆಯನ್ನು ಎಲ್ಲೋ ಒಂದು ಕಡೆ ತುರುಕಿದೆ. ಹೀಗೆ ತುಂಬಿಸುತ್ತಾ ೧೬೨೦ಕ್ಕೆ ಬಂದೆ.

೧೬೨೦ರಲ್ಲಿ, ಪಾಠದ ಪ್ರಕಾರ, ಇಂಗ್ಲೆಂಡಿನಿಂದ ಯಾತ್ರಿಕರ ಹಡಗೊಂದು ಅಮೆರಿಕದ ದಡ ಸೇರಿತು. ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆಯುತ್ತಿದ್ದೆ. ಪಕ್ಕದಲ್ಲಿ ದಾದಿಮಾ ಅವರೆಕಾಯಿ ಬಿಡಿಸುತ್ತಿದ್ದಳು. ಮನೆಯಲ್ಲಿ ನಮ್ಮದು ಉರ್ದು. ಆದರೆ ದಾದಿಮಾ ಗುಬ್ಬಿ ಪಕ್ಕದ ಹಳ್ಳಿಯಲ್ಲಿ ಬೆಳೆದವಳು. ಕೋಪ ಬಂದಾಗಲೂ ಪ್ರೀತಿ ಬಂದಾಗಲೂ ಅವಳ ಬಾಯಿಂದ ಬರುತ್ತಿದ್ದದ್ದು ಕನ್ನಡವೇ.

"ಯಾತ್ರಿಕರು ಅಂದ್ರೆ ಯಾವ ಯಾತ್ರೆಗೆ ಹೋಗ್ತಿದ್ರೇ ಅವ್ರು?" ಎಂದಳು.

"ಯಾತ್ರೆಗಲ್ಲ ದಾದಿಮಾ. ಅಲ್ಲೇ ಇರೋಕೆ ಹೋದ್ರು."

"ವಾಪಸ್ ಬರ್ಲಿಲ್ವಾ?"

"ಇಲ್ಲ."

"ಅದೆಂಥ ಯಾತ್ರೆ, ಬುಡು. ಹೋದೋರು ವಾಪಸ್ ಬಂದು ನಾಲ್ಕು ಮನೆಗೆ ಖರ್ಜೂರ ಹಂಚಿದ್ರೆ ತಾನೆ ಯಾತ್ರೆ!"

ನಾನು ನಕ್ಕೆ. ಅವಳು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಹತ್ತಿರ ಬಂದಳು. "ನೋಡು, ಆ ಹಡಗಿನ್ ಎದುರಿಗೆ ನಮ್ ಖಾಸಿಂ ಹೆಸ್ರು ಬರಿ. ಅವ್ನೂ ಹಡಗಲ್ಲೇ ಹಜ್‌ಗೆ ಹೋಗಿದ್ದ, ಬೊಂಬಾಯಿಂದ. ಹೋಗಿ ಅಲ್ಲಿಂದ ನಂಗೆ..."

ಖಾಸಿಂ ಎಂದರೆ ಅವಳ ತಮ್ಮ. ಗುಬ್ಬಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಅವನ ವಿಷಯ ಶುರುವಾದರೆ ಬೇಗ ಮುಗಿಯುವಂಥದ್ದಲ್ಲ. ನಾನು ಮಧ್ಯದಲ್ಲೇ ಬಾಯಿ ಹಾಕಿದೆ.

"ಅದು ಯಾವ ಇಸ್ವಿ?"

"ಇಸ್ವಿ ಯಾರ್ ಕಂಡೋರು ಕಣೇ. ನಿಮ್ಮಬ್ಬನ ಮದ್ವೆ ಆದ್ ಮೇಲೆ."

"ಹಂಗೆಲ್ಲ ಬರೆಯೋಕಾಗಲ್ಲ ದಾದಿಮಾ. ಇದು ಸಾವಿರದ ಆರುನೂರ ಇಪ್ಪತ್ತು. ತಪ್ಪು ಬರೆದ್ರೆ ಮಾರ್ಕ್ಸ್ ಹೋಗುತ್ತೆ."

ಅವಳು ಮತ್ತೆ ಮೊರ ಎಳೆದುಕೊಂಡಳು. ಆ ಖಾನೆಗೆ ಬೇರೇನೂ ಹೊಳೆಯದೆ ನಾನು ಅದನ್ನು ಖಾಲಿ ಬಿಟ್ಟೆ. ಒಂದು ಖಾನೆ ಖಾಲಿ ಇದೆ ಎಂದು ಮೇಷ್ಟ್ರು ಹತ್ತಕ್ಕೆ ಒಂಬತ್ತು ಕೊಟ್ಟರು. ಬರೆದಿದ್ದರೂ ಮಾರ್ಕು ಹೋಗುತ್ತಿತ್ತು, ಬರೆಯದೆಯೂ ಹೋಯಿತು. ಖಾಸಿಂ ತನ್ನ ಅಕ್ಕನಿಗೆ ಅಲ್ಲಿಂದ ಏನು ತಂದುಕೊಟ್ಟ ಎಂಬುದನ್ನು ಅವತ್ತು ಎರಡು ನಿಮಿಷ ಕೂತು ಕೇಳಿದ್ದರೆ ಮುಂದಿನ ಅನಾಹುತ ಆಗುತ್ತಲೇ ಇರಲಿಲ್ಲ. ಚರಿತ್ರೆ ಬರೆಯುವ ಅವಸರದಲ್ಲಿ ನನಗೆ ಕೇಳುವ ವ್ಯವಧಾನ ಇರಲಿಲ್ಲ.

ಚಾರ್ಟ್ ಆದ ಮೇಲೆ ಮೇಷ್ಟ್ರಿಗೆ ಕೈ ಕಡಿಯತೊಡಗಿತು. ಸ್ಕೂಲ್ ಡೇಗೆ ನಾಟಕ ಆಡಿಸಬೇಕು, ಅದೂ ಬಾಸ್ಟನ್ ಟೀ ಪಾರ್ಟಿ! ೧೭೭೩ರಲ್ಲಿ ಅಲ್ಲಿನ ಜನ ಸುಂಕದ ವಿರುದ್ಧ ಸಿಟ್ಟಿಗೆದ್ದು, ಅಲ್ಲಿನ ಮೂಲನಿವಾಸಿಗಳ ಹಾಗೆ ವೇಷ ಮರೆಸಿಕೊಂಡು ಹಡಗು ಹತ್ತಿ, ಕಂಪನಿಯ ಮುನ್ನೂರ ನಲವತ್ತೆರಡು ಪೆಟ್ಟಿಗೆ ಟೀಯನ್ನು ಸಮುದ್ರಕ್ಕೆ ಸುರಿದರಲ್ಲ, ಆ ಪ್ರಸಂಗ. ಪೆಟ್ಟಿಗೆ ಎಂದ ತಕ್ಷಣ ಇಡೀ ಕ್ಲಾಸು ನನ್ನ ಕಡೆ ತಿರುಗಿತು. ನನಗೆ ಆ ಹೊತ್ತಿಗೆ ಹೆಮ್ಮೆಯಿಂದ ಎರಡು ಗೇಣು ಎತ್ತರ ಬೆಳೆದ ಹಾಗಾಯಿತು.

ಮನೆಗೆ ಬಂದು ಅಬ್ಬಾನಿಗೆ ಕಥೆ ಹೇಳಿದೆ. ಸ್ವಾತಂತ್ರ್ಯ, ಹೋರಾಟ, ಸುಂಕ ಎಲ್ಲ ವಿವರಿಸಿದೆ. ಅಬ್ಬಾನ ಮುಖ ಸಣ್ಣದಾಗುತ್ತಾ ಹೋಯಿತು.

"ಮುನ್ನೂರ ನಲವತ್ತೆರಡು ಪೆಟ್ಟಿಗೆನಾ? ಒಳ್ಳೆ ಮಾಲೋ, ಡಸ್ಟೋ?"

"ಅದೆಲ್ಲ ಪುಸ್ತಕದಲ್ಲಿಲ್ಲ ಅಬ್ಬಾ."

"ಅಯ್ಯೋ ಪಾಪ, ಮಾಲು ಕಳಿಸಿದೋನ ಗತಿ ಏನಮ್ಮ?" ಎಂದು ಅಬ್ಬಾ ನಿಟ್ಟುಸಿರು ಬಿಟ್ಟರು. ಇಂಗ್ಲಿಷ್ ಕಂಪನಿಯ ಪರವಾಗಿ ಕಣ್ಣಲ್ಲಿ ನೀರು ತಂದುಕೊಂಡವರು ತುಮಕೂರು ಜಿಲ್ಲೆಯಲ್ಲೇ ನಮ್ಮ ಅಬ್ಬಾ ಒಬ್ಬರೇ ಇರಬೇಕು. ಆದರೂ ಮಗಳ ಮಾತು ತೆಗೆದುಹಾಕಲಿಲ್ಲ. ಎರಡು ಖಾಲಿ ಪೆಟ್ಟಿಗೆ ಕೊಟ್ಟರು. ಜೊತೆಗೆ, ಅಂಗಡಿಯ ನೆಲ ಗುಡಿಸಿದಾಗ ಸಿಕ್ಕ ಕಸದ ಪುಡಿಯನ್ನು ಒಂದು ಚೀಲದಲ್ಲಿ ತುಂಬಿ, "ಇದನ್ನ ಸುರೀಲಿ, ಕುಡಿಯೋ ಮಾಲು ಮುಟ್ಟಬಾರದು," ಎಂದು ಕಟ್ಟುನಿಟ್ಟು ಮಾಡಿದರು.

ಪೆಟ್ಟಿಗೆ ಕೊಟ್ಟ ಋಣಕ್ಕೆ ಮೇಷ್ಟ್ರು ನನ್ನನ್ನು ಹಡಗಿನ ಕ್ಯಾಪ್ಟನ್ ಮಾಡಿದರು. ನನಗಿದ್ದದ್ದು ಒಂದೇ ಮಾತು: "ನಿಲ್ಲಿಸಿ! ಅದು ಕಂಪನಿಯ ಟೀ!" ಭಾಗ್ಯ ದೇಶಭಕ್ತರ ನಾಯಕಿ. ತೆಂಗಿನಕಾಯಿ ರಾಶಿ ಹಾಕಿ ಪಳಗಿದ ಕೈ, ಪೆಟ್ಟಿಗೆ ಎತ್ತಿ ಎಸೆಯಲು ಅವಳೇ ಸರಿ. ತಲೆಗೆ ಕಟ್ಟಲು ಗರಿಗಳನ್ನು ಕೋಳಿ ಅಂಗಡಿಯವರ ಮಗಳು ಒದಗಿಸಿದಳು. ಎಷ್ಟು ತೊಳೆದರೂ ಆ ಗರಿಗಳ ಪೂರ್ವಾಶ್ರಮದ ವಾಸನೆ ಮಾತ್ರ ಹೋಗಲಿಲ್ಲ. ಬೆಂಚುಗಳನ್ನು ಜೋಡಿಸಿದರೆ ಹಡಗು. ಕೈತೋಟದ ಪಕ್ಕದ ಸಿಮೆಂಟು ತೊಟ್ಟಿಯೇ ಸಮುದ್ರ. ಬೆಳಗ್ಗೆಯೇ ಅದಕ್ಕೆ ಕಸದ ಪುಡಿ ಸುರಿದು ನೆನೆಹಾಕಿ, ನೀರು ಕಂದು ಬಣ್ಣಕ್ಕೆ ತಿರುಗಿಸುವುದು ಎಂದು ತೀರ್ಮಾನವಾಯಿತು. ವಾಲಿಬಾಲ್ ನೆಟ್ಟಿನ ಬಿದಿರಿನ ಗಳುವೇ ಹಾಯಿಕಂಬ.

"ಹಾಯಿಗೆ ದೊಡ್ಡ ಬಿಳೀ ಬಟ್ಟೆ ಬೇಕು. ಯಾರ್ ತರ್ತೀರಮ್ಮ?" ಎಂದರು ಮೇಷ್ಟ್ರು.

ನನ್ನ ಕೈಗೆ ಒಂದು ಚಟ ಇದೆ. ಬುದ್ಧಿಯನ್ನು ಕೇಳದೆ ಮೇಲೆ ಹೋಗಿಬಿಡುತ್ತದೆ. ಅವತ್ತೂ ಹೋಯಿತು. ಮನೆಗೆ ಬಂದು ಹುಡುಕಿದರೆ ಇರುವ ಚಾದರಗಳೆಲ್ಲ ಹೂವಿನವು. ಆಗ ನೆನಪಾದದ್ದು ದಾದಿಮಾಳ ಪೆಟ್ಟಿಗೆ. ವರ್ಷಕ್ಕೊಮ್ಮೆ ಅವಳು ಅದರೊಳಗಿನಿಂದ ಬಿಳೀ ಬಟ್ಟೆ ತೆಗೆದು ಹಿತ್ತಲಿನ ಬಿಸಿಲಿಗೆ ಹಾಕಿ, ಅತ್ತರು ಹಚ್ಚಿದ ಹತ್ತಿ ಇಟ್ಟು, ಮತ್ತೆ ಮಡಿಸಿಡುವುದನ್ನು ನೋಡಿದ್ದೆ. ಏನು, ಯಾಕೆ ಎಂದು ಕೇಳಿರಲಿಲ್ಲ. ಅವಳು ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಪೆಟ್ಟಿಗೆ ಎಳೆದೆ. ಐದು ಮಡಿಕೆಗಳಿದ್ದವು. ಎಲ್ಲಕ್ಕಿಂತ ದೊಡ್ಡದನ್ನು ತೆಗೆದುಕೊಂಡು ಉಳಿದದ್ದನ್ನು ಹಾಗೇ ಇಟ್ಟೆ. ನಾಟಕ ಮುಗಿದ ಮೇಲೆ ಹೇಗೂ ವಾಪಸ್ ಇಡುತ್ತೇನಲ್ಲ, ಅಷ್ಟರೊಳಗೆ ಅವಳಿಗೇನೂ ಇದು ಬೇಕಾಗುವುದಿಲ್ಲ ಎಂದುಕೊಂಡೆ. ಆ ಮಾತೇನೋ ನಿಜವಾಯಿತು, ಅಲ್ಲಾಹ್‌ನ ದಯೆ.

ಸ್ಕೂಲ್ ಡೇ ದಿನ ಅಬ್ಬಾ ಅಂಗಡಿ ಬಿಡುವಂತಿರಲಿಲ್ಲ, ಅಮ್ಮಿಗೆ ಮೈ ಸರಿಯಿರಲಿಲ್ಲ. ಬಂದವಳು ದಾದಿಮಾ ಒಬ್ಬಳೇ. ಬುರ್ಖಾ, ಅದರ ಮೇಲೆ ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಎಲೆ ಅಡಿಕೆ ಸಂಚಿ. ಮುಂದಿನ ಸಾಲಿನಲ್ಲೇ ಕೂತಳು. ಅವಳ ಕಣ್ಣು ದೂರದ್ದಕ್ಕೆ ಅಷ್ಟಕ್ಕಷ್ಟೆ. ಹಡಗು, ಹಾಯಿ ಎಲ್ಲ ಅವಳಿಗೆ ಮಸುಕು ಮಸುಕಾಗಿ ಕಂಡಿರಬೇಕು.

ನಾಟಕ ಚೆನ್ನಾಗಿಯೇ ಶುರುವಾಯಿತು. ಭಾಗ್ಯ ಗರಿ ಕಟ್ಟಿಕೊಂಡು ಬೆಂಚು ಹತ್ತಿದಳು. ಮೊದಲ ಪೆಟ್ಟಿಗೆ ಸರಿಯಾಗಿ ತೊಟ್ಟಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಈಗ ನಾನು ನನ್ನ ಮಾತು ಹೇಳಬೇಕು.  ಹಿಂದಿನಿಂದ ಮೇಷ್ಟ್ರು, "ಹೇಳಮ್ಮ ನಸೀಮಾ, ನಿಲ್ಲಿಸಿ ಅನ್ನಮ್ಮ," ಎಂದು ಪಿಸುಗುಟ್ಟುತ್ತಿದ್ದಾರೆ. ನಾನು ಬಾಯಿ ತೆರೆದು ನಿಂತಿದ್ದೇನೆ. ಚಪ್ಪಾಳೆಯಿಂದ ಹುರುಪೇರಿದ ಭಾಗ್ಯ ಎರಡನೇ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಒಂದು ಸುತ್ತು ತಿರುಗಿದಳು. ತಗಡಿನ ಅಂಚು ಬಿದಿರಿಗೆ ಬಡಿಯಿತು. ಗಳು, ಹಾಯಿ, ಪೆಟ್ಟಿಗೆ ಮೂರೂ ಒಟ್ಟಿಗೆ ತೊಟ್ಟಿಗೆ ಬಿದ್ದವು. ನೀರು ಮುಂದಿನ ಸಾಲಿನವರೆಗೆ ಚಿಮ್ಮಿತು. ಎಲ್ಲ ನೀರುಪಾಲಾದ ಮೇಲೆ ನನ್ನ ಬಾಯಿಂದ ಮಾತು ಹೊರಟಿತು.

"ನಿಲ್ಲಿಸಿ! ಅದು ಕಂಪನಿಯ ಟೀ!"

ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಹಾಯಿ ಬಿದ್ದದ್ದೂ ನಾಟಕದ ಭಾಗವೇ ಎಂದುಕೊಂಡು ಹೆಡ್‌ಮಾಸ್ಟರೂ ಚಪ್ಪಾಳೆ ಹೊಡೆದರು. ಕೊನೆಯಲ್ಲಿ ಎಲ್ಲರೂ ಸೇರಿ ಬಟ್ಟೆಯನ್ನು ಎಳೆದು, ಹಿಂಡಿ, ತೊಟ್ಟಿಯ ಕಟ್ಟೆಯ ಮೇಲೆ ಹರವಿದೆವು. ಬಟ್ಟೆಯ ನಡುವೆ ದೊಡ್ಡ ಕಂದು ಕಲೆ. ಚಿಮ್ಮಿದ ನೀರಿಗೆ ಒದ್ದೆಯಾದ ಕನ್ನಡಕ ಒರೆಸಿಕೊಳ್ಳುತ್ತಾ ದಾದಿಮಾ ನನ್ನನ್ನು ಕರೆದುಕೊಂಡು ಹೋಗಲು ಹತ್ತಿರ ಬಂದಳು. ಬಂದವಳು ನಿಂತಳು. ಬಗ್ಗಿ ಬಟ್ಟೆಯ ಮೂಲೆ ಹಿಡಿದು ಹತ್ತಿರದಿಂದ ನೋಡಿದಳು. ಅಲ್ಲಿ ಹಸಿರು ದಾರದ ನಾಲ್ಕು ಹೊಲಿಗೆ ಇತ್ತು. ನಾನು ಅದನ್ನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ.

"ಈ ಬಟ್ಟೆ ಯಾರೇ ತಂದಿದ್ದು?"

"ನಾನೇ ದಾದಿಮಾ!" ಎಂದೆ, ಬಹುಮಾನ ತೆಗೆದುಕೊಳ್ಳುವವಳ ಹಾಗೆ.

ಅವಳು ಹಸಿರು ದಾರದ ಮೇಲೆ ಬೆರಳು ಆಡಿಸುತ್ತಾ ನಿಂತಳು. ಮೇಷ್ಟ್ರು ಕೈ ಮುಗಿದುಕೊಂಡು ಬಂದರು. "ಅಮ್ಮಾ, ತಪ್ಪು ತಿಳ್ಕೋಬೇಡಿ, ಬಟ್ಟೆ ಹಾಳಾಯ್ತು. ನಾನು ಒಗೆಸಿ ಕಳಿಸ್ತೀನಿ."

"ಬೇಡಿ ಮೇಷ್ಟ್ರೇ. ಇದು ನಾನೇ ಒಗ್ಕೋಬೇಕಾದ ಬಟ್ಟೆ," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, "ನಾಟ್ಕ ಚೆನ್ನಾಗಿತ್ತು," ಎಂದೂ ಸೇರಿಸಿದಳು.

ಆಟೋದಲ್ಲಿ ಒದ್ದೆ ಬಟ್ಟೆಯ ಗಂಟು ಅವಳ ತೊಡೆಯ ಮೇಲಿತ್ತು. ನೀರು ಇಳಿದು ಅವಳ ಬುರ್ಖಾ ಒದ್ದೆಯಾಗುತ್ತಿತ್ತು. ಅವಳು ಗಂಟು ಕೆಳಗಿಡದ್ದು ನೋಡಿ ನನಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. "ಇದು ಯಾವ ಬಟ್ಟೆ ದಾದಿಮಾ?" ಎಂದು ಕೇಳಿದೆ.

"ಇದಾ? ನಾನು ಹೋಗೋವಾಗ ಉಟ್ಕೊಂಡು ಹೋಗೋದು ಕಣೇ."

"ಎಲ್ಲಿಗೆ?"

ಅವಳು ಮೇಲಕ್ಕೆ ಬೆರಳು ತೋರಿಸಿದಳು. ನಾನು ಪೆದ್ದುಪೆದ್ದಾಗಿ ಆಟೋದ ಮೇಲ್ಹೊದಿಕೆ ನೋಡಿದೆ. ಆಮೇಲೆ ಅರ್ಥವಾಯಿತು. ನಮ್ಮಲ್ಲಿ ಹಿರಿಯರು ಎಷ್ಟೋ ಜನ ಸತ್ತ ಮೇಲೆ ಮೈಗೆ ಸುತ್ತುವ ಕಫನ್ ಬಟ್ಟೆಯನ್ನು ಬದುಕಿರುವಾಗಲೇ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ. ಮಕ್ಕಾಕ್ಕೆ ಹೋದವರ ಕೈಲಿ ಹೇಳಿ, ಅಲ್ಲಿನ ಪವಿತ್ರ ಝಂಝಂ ಬಾವಿಯ ನೀರಿನಲ್ಲಿ ಅದ್ದಿಸಿ, ಒಣಗಿಸಿ ತರಿಸಿಟ್ಟುಕೊಳ್ಳುವವರೂ ಇದ್ದಾರೆ. ಖಾಸಿಂ ಹಡಗಿನಲ್ಲಿ ಹೋಗಿ ಅಕ್ಕನಿಗೆ ತಂದದ್ದು ಇದೇ. ಅಲ್ಲಿ ಹತ್ತಾರು ಜನರ ಬಟ್ಟೆ ಒಟ್ಟಿಗೆ ಒಣಗುವಾಗ ಅದಲು ಬದಲಾಗದಿರಲಿ ಎಂದು ಮೂಲೆಯಲ್ಲಿ ಹಸಿರು ದಾರದ ಗುರುತು ಹಾಕಿದ್ದ. ಬಂದ ಮರುವರ್ಷವೇ ತೀರಿಕೊಂಡ. ತಮ್ಮನ ಕೈಯಿಂದ ಅವಳಿಗೆ ಉಳಿದದ್ದು ಈ ಬಟ್ಟೆಯೊಂದೇ. ಒಂದು ಸಲ ಸಮುದ್ರ ದಾಟಿ ಬಂದಿದ್ದ ಬಟ್ಟೆಯನ್ನು ನಾನು ಬಾಸ್ಟನ್ನಿಗೆ ಕಳಿಸಿ ಟೀಯಲ್ಲಿ ಮುಳುಗಿಸಿದ್ದೆ.

ಆಟೋದಲ್ಲಿ ಅಳುತ್ತಾ ಬಂದೆ. ಅಬ್ಬಾನಿಗೆ ಗೊತ್ತಾದರೆ ಏನು ಗತಿ ಎಂಬ ಹೆದರಿಕೆಯೂ ಆ ಅಳುವಿನಲ್ಲಿ ಅರ್ಧ ಪಾಲು ಇತ್ತೆಂದು ಒಪ್ಪಿಕೊಳ್ಳಬೇಕು. ದಾದಿಮಾ ಮನೆಗೆ ಬಂದವಳೇ ಹಿತ್ತಲ ಒಗೆಯುವ ಕಲ್ಲಿನ ಮುಂದೆ ಕೂತಳು. ಅಮ್ಮಿ ಕೈ ಹಾಕಲು ಹೋದರೆ ಬಿಡಲಿಲ್ಲ. ಸೋಪು, ನಿಂಬೆಹಣ್ಣು, ಅಡುಗೆ ಸೋಡಾ, ಎಲ್ಲ ಆಯಿತು. ಕಲೆ ತೆಳುವಾಯಿತು, ಹೋಗಲಿಲ್ಲ. ಟೀ ಮಾರುವ ಮನೆಯವರಿಗೆ ಟೀ ಕಲೆ ಹೋಗುವುದಿಲ್ಲ ಎಂದು ಗೊತ್ತಿಲ್ಲದೆ ಇರುತ್ತದೆಯೇ.

ಅಬ್ಬಾ ಬಂದು ಹಗ್ಗದ ಮೇಲಿನ ಬಟ್ಟೆ ನೋಡಿ ಗಾಬರಿಯಾದರು. "ಏನಾಯ್ತಮ್ಮಾ ಇದಕ್ಕೆ?"

ನಾನು ಬಾಗಿಲ ಹಿಂದೆ ನಿಂತಿದ್ದೆ.

"ಬಿಸಿಲಿಗೆ ಹಾಕೋಣ ಅಂತ ತೆಗ್ದೆ ಕಣಪ್ಪ. ಕೈಲಿ ಟೀ ಇತ್ತು. ನಡುಗಿ ಚೆಲ್ಲಿಬುಡ್ತು," ಎಂದಳು ದಾದಿಮಾ.

"ಹೊಸದು ತರಿಸಿಕೊಡ್ತೀನಿ ಬುಡಮ್ಮ. ಈಗ ವಿಮಾನದಲ್ಲಿ ಹೋಗೋರು ಎಷ್ಟು ಜನ ಇದಾರೆ."

"ವಿಮಾನದಲ್ಲಿ ಹೋಗೋರು ಯಾರೂ ನನ್ ತಮ್ಮ ಅಲ್ವಲ್ಲಪ್ಪ."

ಅಷ್ಟೇ. ಮನೆಯಲ್ಲಿ ಆ ಸುಳ್ಳೇ ನಿಜವಾಗಿ ಉಳಿಯಿತು. ಆದರೆ ಅವಳಿಗೆ ಒಂದು ಸಂಶಯ ಕೊರೆಯುತ್ತಿತ್ತು. ಮಾರನೇ ದಿನ ನನ್ನನ್ನೇ ಮಸೀದಿಯ ಹಜ್ರತರ ಹತ್ತಿರ ಕಳಿಸಿದಳು. ಕಲೆಯಾದ ಕಫನ್ ನಡೆಯುತ್ತದೆಯೋ, ಝಂಝಂನಲ್ಲಿ ಅದ್ದಿದ್ದನ್ನು ಸೋಪು ಹಾಕಿ ಒಗೆದರೆ ಅದರ ಬರಕತ್ತು, ಪುಣ್ಯ, ಹೋಗುತ್ತದೆಯೋ ಎಂದು ಕೇಳಿಕೊಂಡು ಬರಬೇಕು. ಹಜ್ರತರು ಗಡ್ಡ ನೀವಿಕೊಂಡು ನಕ್ಕರು. "ಬಟ್ಟೆ ಶುದ್ಧವಾಗಿದ್ರೆ ಸಾಕು ಅಂತ ಹೇಳು ಮಗಳೇ. ಅಲ್ಲಾಹ್ ಕಲೆ ನೋಡಲ್ಲ, ಮಾಡಿದ ಕೆಲಸ ನೋಡ್ತಾನೆ." ಅದನ್ನು ಅಕ್ಷರ ಬಿಡದೆ ಬಂದು ಒಪ್ಪಿಸಿದೆ.

"ಹಂಗಾದ್ರೆ ಇದೇ ಇರ್ಲಿ. ನಂಗೆ ಇದೇ ಬೇಕು. ನೀನು ಕೇಳ್ಕೊಂಡು ಬಂದಿದೀಯ, ನೆನಪಿಟ್ಕೋ," ಎಂದಳು.

ಆಮೇಲೆ ಎಷ್ಟೋ ದಿನ ಅವಳು ನನ್ನನ್ನು ಬೈಯಲೇ ಇಲ್ಲ. ಜಡೆ ಹಾಕುವಾಗ ಎಳೆಯಲಿಲ್ಲ, ಊಟ ಬಿಟ್ಟರೆ ಗದರಲಿಲ್ಲ. ಮೊಮ್ಮಗಳನ್ನು ದಿನಕ್ಕೆ ಹತ್ತು ಸಲ ಬೈಯುವ ಅಜ್ಜಿ ಬೈಯುವುದು ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಒಂದು ಸಂಜೆ ನಾನು ಪುಸ್ತಕ ಹಿಡಿದು ಕೂತಿದ್ದಾಗ ಅವಳಾಗಿಯೇ ಕೇಳಿದಳು.

"ಟೀ ಎಲ್ಲಾ ನೀರಿಗೆ ಸುರುದ್ರಲ್ಲ, ಮಾರನೇ ದಿನ ಬೆಳಗ್ಗೆ ಏನೇ ಕುಡಿದ್ರು ಅವ್ರು?"

ಪುಸ್ತಕದಲ್ಲಿ ಅದೂ ಇರಲಿಲ್ಲ. ನನಗೋ ಅವಳು ಮಾತಾಡಿದಳಲ್ಲ ಎಂಬ ಸಂತೋಷಕ್ಕೆ ಅಳು ಬಂತು. ಕಾಫಿ ಕುಡಿದಿರಬೇಕು ಎಂದೆ. "ಥೂ," ಎಂದಳು. ಅವತ್ತಿನಿಂದ ದಿನಾ ಸಂಜೆ ಅವಳಿಗೆ ಚರಿತ್ರೆ ಹೇಳುವುದು ನನ್ನ ಕೆಲಸವಾಯಿತು. ಅಮೆರಿಕದಲ್ಲಿ ಸೋತು ಶರಣಾದ ಲಾರ್ಡ್ ಸಾಹೇಬನೇ ಹತ್ತು ವರ್ಷದ ಮೇಲೆ ನಮ್ಮ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದು, ಸುಲ್ತಾನರ ಇಬ್ಬರು ಎಳೇ ಮಕ್ಕಳನ್ನು ಒತ್ತೆಯಾಗಿ ಹಿಡಿದುಕೊಂಡು ಹೋದ ಎಂದಾಗ ಅವಳು ಎಲೆ ಅಡಿಕೆ ಉಗಿದು ಬಂದು, "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ," ಎಂದಳು. ಆ ಸುಲ್ತಾನರ ಕುದುರೆಗಳನ್ನು ಕುಣಿಗಲ್‌ನಲ್ಲಿ ಸಾಕುತ್ತಿದ್ದರಂತೆ ಎಂದು ನಾನು ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. ಅವಳ ತಾತನ ಕಡೆಯವರು ಯಾರೋ ಅಲ್ಲಿ ಲಾಳ ಹೊಡೆಯುತ್ತಿದ್ದರಂತೆ. ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ, ಚಾರ್ಟಿನಲ್ಲಿ ಬರೆಯುತ್ತಿದ್ದೆನಲ್ಲ ಎಂದರೆ, "ನೀನು ಕೇಳಿದ್ದು ಯಾವಾಗ? ಇಸ್ವಿ ಇಸ್ವಿ ಅಂತಿದ್ದೆ," ಎಂದು ಜೋರಾಗಿ ಬೈದಳು. ಬೈಗುಳ ವಾಪಸ್ ಬಂದದ್ದಕ್ಕೆ ನಾನು ಆ ರಾತ್ರಿ ಎರಡು ಮುದ್ದೆ ಉಂಡೆ.

ಆ ಬೈಗುಳದ ಋಣವೋ ಏನೋ, ನಾನು ಚರಿತ್ರೆಯನ್ನೇ ಓದಿ ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಟೀಚರ್ ಆದೆ. ದಿನಾ ತುಮಕೂರಿನಿಂದ ಬಸ್ಸು. ಒಂದು ಮಧ್ಯಾಹ್ನ ಕ್ಲಾಸಿನಲ್ಲಿದ್ದಾಗಲೇ ಆಫೀಸಿಗೆ ಫೋನ್ ಬಂತು. ದಾದಿಮಾ ಮಧ್ಯಾಹ್ನದ ಜೊಹರ್ ನಮಾಜು ಮುಗಿಸಿ, ಹಾಗೇ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲವಂತೆ. ಮರಳೂರಿನ ಮನೆಗೆ ಬಂದಾಗ ಹೆಂಗಸರು ಅವಳ ಸ್ನಾನಕ್ಕೆ ನೀರು ಸಿದ್ಧ ಮಾಡುತ್ತಿದ್ದರು. ಅಬ್ಬಾನ ಅಕ್ಕ, ನಮ್ಮ ಫುಪ್ಪು, ಟೀ ಪೆಟ್ಟಿಗೆ ತೆಗೆದು ಬಟ್ಟೆ ಬಿಡಿಸಿ ನೋಡಿ ಮುಖ ಸಿಂಡರಿಸಿದಳು.

"ಅಯ್ಯೋ, ಅಮ್ಮ ಟೀ ಚೆಲ್ಕೊಂಡಿದ್ಲಲ್ಲ, ಅದೇ ಇದು. ಬೇಡ ಬೇಡ. ಯಾರಾದ್ರೂ ಪೇಟೆಗೆ ಹೋಗಿ ಹೊಸ ಬಟ್ಟೆ ತನ್ನಿ. ಅಮ್ಮನ್ನ ಹಿಂಗೆ ಕಳಿಸೋಕಾಗುತ್ತಾ?"

ಒಬ್ಬರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಮನೆ ತುಂಬ ನೆಂಟರು. ಅವತ್ತು ಬೆಂಚಿನ ಮೇಲೆ ನಿಂತು, ಹೇಳಬೇಕಾದ ಮಾತು ಹೇಳದೆ, ಎಲ್ಲ ನೀರಿಗೆ ಬಿದ್ದ ಮೇಲೆ ಕೂಗಿದ್ದು ನೆನಪಾಯಿತು. ಈ ಸಲ ತಡ ಮಾಡಿದರೆ ಇನ್ನು ಹೇಳುವ ದಿನವೇ ಬರುವುದಿಲ್ಲ ಎನ್ನಿಸಿತು.

"ನಿಲ್ಲಿ," ಎಂದೆ. "ಟೀ ಚೆಲ್ಲಿದ್ದು ದಾದಿಮಾ ಅಲ್ಲ. ನಾನು."

ಎಲ್ಲವನ್ನೂ ಹೇಳಿದೆ. ಹಡಗು, ಹಾಯಿ, ತೊಟ್ಟಿ, ಆಟೋ, ಬಾಗಿಲ ಹಿಂದೆ ನಿಂತಿದ್ದು. ಹಜ್ರತರು ಹೇಳಿದ ಮಾತನ್ನೂ, "ನಂಗೆ ಇದೇ ಬೇಕು," ಎಂದು ಅವಳು ಹೇಳಿದ್ದನ್ನೂ ಹೇಳಿದೆ. ಹಸಿರು ದಾರ ತೋರಿಸಿದೆ. ಫುಪ್ಪು ಆ ದಾರ ನೋಡಿ, "ಖಾಸಿಂ ಮಾಮು ಹಾಕಿದ್ದು," ಎಂದು ಅಲ್ಲೇ ಕುಸಿದು ಅತ್ತಳು. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ ಅಬ್ಬಾ, "ಅಂದ್ರೆ ಅಮ್ಮ ನನ್ ಹತ್ರ ಸುಳ್ಳು ಹೇಳಿದ್ಲಾ?" ಎಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಕಣ್ಣೊರೆಸಿಕೊಂಡು, "ಅದನ್ನೇ ಉಡಿಸಿ," ಎಂದರು.

ಅದನ್ನೇ ಉಡಿಸಿದರು. ಕಂದು ಕಲೆ ಅವಳ ಎದೆಯ ಮೇಲೆ ಬಂತು. ನಾನು ಹಸಿರು ದಾರದ ಮೂಲೆಯನ್ನು ಅವಳ ಕೈಯ ಹತ್ತಿರ ಬರುವ ಹಾಗೆ ಮಡಿಸಿದೆ.

ಅವತ್ತಿನ ಗಲಾಟೆಯಲ್ಲಿ ಪೆಟ್ಟಿಗೆಯ ತಳದಲ್ಲಿ ಏನಿದೆ ಎಂದು ಯಾರೂ ನೋಡಿರಲಿಲ್ಲ. ಮಾರ್ಕು ಬಂದ ಮೇಲೆ ನಾನು ಬಿಸಾಕಿದ್ದ ಚಾರ್ಟನ್ನು ಅವಳು ಎತ್ತಿಟ್ಟುಕೊಂಡು, ತನ್ನ ಬಟ್ಟೆಯ ಕೆಳಗೆ ಹಾಸಿಕೊಂಡಿದ್ದಳೆಂಬುದು ನನಗೆ ಗೊತ್ತಾದದ್ದು ಮನೆ ಬದಲಾಯಿಸಿದ ದಿನವೇ. ಅಷ್ಟು ವರ್ಷ ತಮ್ಮ ತಂದ ಬಟ್ಟೆ ಮಲಗಿದ್ದದ್ದು ಆ ಯಾತ್ರಿಕರ ಹಡಗಿನ ಮೇಲೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಖಾಲಿ ಖಾನೆ ಎಲ್ಲಿದೆ ಎಂಬುದು ಓದು ಬರದವರಿಗೂ ಕಾಣುತ್ತದೆ.

ಹೊರಗೆ ಆಟೋದವನು ಇಳಿದು ಬಂದು, "ಮೇಡಂ, ಇನ್ನೊಂದು ಟ್ರಿಪ್ ಇದೆ ನಂಗೆ, ಬರ್ತೀರೋ ಇಲ್ವೋ?" ಎಂದ. "ಒಂದ್ ನಿಮಿಷ ಕಣಪ್ಪ," ಎಂದು ವ್ಯಾನಿಟಿ ಬ್ಯಾಗಿನಿಂದ ಪೆನ್ನು ತೆಗೆದೆ. ಚರಿತ್ರೆ ಟೀಚರಾಗಿ ನಾನು ಇಂಥ ಉತ್ತರಕ್ಕೆ ಮಕ್ಕಳ ಪೇಪರಿನಲ್ಲಿ ಸೊನ್ನೆ ಸುತ್ತುತ್ತೇನೆ. ೧೬೨೦ರ ಸಾಲಿನಲ್ಲಿ, 'ಇಲ್ಲಿ' ಎಂಬ ಕಾಲಂನ ಕೆಳಗೆ ಬರೆದೆ: 'ಗುಬ್ಬಿಯ ಕಲಾಯಿ ಖಾಸಿಂ ಹಡಗಿನಲ್ಲಿ ಹಜ್‌ಗೆ ಹೋದ. ಅಕ್ಕನಿಗೆ ಬಟ್ಟೆ ತಂದ. ವಾಪಸ್ ಬಂದ.'